ತುಂಗೆ ದಂಡೆಯ ಯುದ್ಧಗಳನ್ನು ಬರೆಯುವವರು ಬೇಕು

ನವೆಂಬರ್ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ನಮ್ಮ ಈ ಮೂರೂ ತಾಲ್ಲೂಕಿನ ಹೋಟೆಲುಗಳಲ್ಲಿ, ಮೊಬೈಲುಗಳಲ್ಲಿ ಒಂದೇ ವಾಗ್ವಾದ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದವರು ಯಾರು, ಆಮೇಲೆ ನೆರವು ಕಳಿಸಿದವರು ಯಾರು, ಕಳಿಸಿದ್ದು ಭಕ್ತಿಯಿಂದಲೋ ರಾಜಕೀಯದಿಂದಲೋ. ಟಿಪ್ಪು ಜಯಂತಿಯನ್ನು ಸರ್ಕಾರ 2015ರಲ್ಲಿ ಆರಂಭಿಸಿತು, 2019ರಲ್ಲಿ ಕೈಬಿಟ್ಟಿತು. ವಾಗ್ವಾದ ಮಾತ್ರ ಹಾಗೇ ಉಳಿದಿದೆ. ಇಷ್ಟು ವರ್ಷ ಕೇಳಿಸಿಕೊಂಡ ಮೇಲೂ ಒಂದು ಪ್ರಶ್ನೆ ಯಾರ ಬಾಯಿಂದಲೂ ಬಂದದ್ದನ್ನು ನಾನು ಕೇಳಿಲ್ಲ: ಲೂಟಿ ಮಾಡಿದ ಆ ದಂಡು ಇಲ್ಲಿಯವರೆಗೆ ಬಂದದ್ದು ಹೇಗೆ?

ಶಿವಮೊಗ್ಗದ ಕಡೆಯಿಂದ ಬಂದರೆ ತುಂಗೆಯ ದಂಡೆ ಹಿಡಿದು ತೀರ್ಥಹಳ್ಳಿಯ ಮೇಲೆ ಬರಬೇಕು, ಇಲ್ಲವೆ ಉಂಬ್ಳೆಬೈಲಿನ ಕಾಡು ಹಾದು ಎಡೆಹಳ್ಳಿಗೆ ಬರಬೇಕು. ಇವತ್ತಿನ ನರಸಿಂಹರಾಜಪುರವೇ ಅಂದಿನ ಎಡೆಹಳ್ಳಿ, 1915ರಲ್ಲಿ ಹೆಸರು ಬದಲಾಯಿತು. ಯಾವ ದಾರಿ ಹಿಡಿದರೂ ಹಳ್ಳ, ಗದ್ದೆ, ಏರು, ಇಳಿಜಾರು. ಬಯಲುಸೀಮೆಯ ಕುದುರೆಗೆ ಇಲ್ಲಿ ಹುರುಳಿ ಎಲ್ಲಿ ಸಿಕ್ಕಿತು? ಎಷ್ಟು ದಿನದ ನಡೆ? ಮಳೆಗಾಲಕ್ಕೆ ಮುಂಚೆ ಬಂದು ಹೋಗಬೇಕೆಂಬ ಆತುರ ಇತ್ತೇ? ದಾರಿಯುದ್ದಕ್ಕೂ ಇದ್ದ ಮನೆಗಳ ಕಣಜ ಏನಾಯಿತು? ಮಠದ ಲೂಟಿಯ ಲೆಕ್ಕ ಮಠದಲ್ಲಿದೆ. ರೈತರ ಮನೆಯ ಲೂಟಿಯ ಲೆಕ್ಕ ಇಟ್ಟವರು ಯಾರು?

ಇವೆಲ್ಲ ಯುದ್ಧ ಇತಿಹಾಸಕಾರ ಕೇಳುವ ಪ್ರಶ್ನೆಗಳು. ಯುದ್ಧದ ಇತಿಹಾಸ ಎಂದರೆ ಕತ್ತಿ, ಕುದುರೆ, ಜಯಘೋಷ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಇಂಗ್ಲೆಂಡಿನ ಮೈಕೆಲ್ ಹೊವಾರ್ಡ್ ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಕಾದಾಡಿ ಬಂದವರು. ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಯುದ್ಧ ಅಧ್ಯಯನ ವಿಭಾಗವನ್ನು ಕಟ್ಟಿದರು. ಯುದ್ಧವನ್ನು ಓದುವವನು ಅಗಲವಾಗಿ, ಆಳವಾಗಿ, ಅದು ನಡೆದ ಸಮಾಜದ ನಡುವೆ ಇಟ್ಟು ಓದಬೇಕು ಎಂಬುದು ಅವರ ಪಾಠ. ಒಂದು ಕದನವನ್ನು ತಿಳಿಯಬೇಕಾದರೆ ದವಸದ ಬೆಲೆ, ರಸ್ತೆ, ರೋಗ, ಸಾಲ, ಸಂಬಳ ಎಲ್ಲ ತಿಳಿದಿರಬೇಕು. ಹೀಗೆ ಓದಿದಾಗ ಯುದ್ಧದ ಇತಿಹಾಸ ಊರಿನ ಇತಿಹಾಸವೇ ಆಗುತ್ತದೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹತ್ತಿರ ಬಂದ ಪ್ರಾಧ್ಯಾಪಕರೆಂದರೆ ನನಗೆ ಮೊದಲು ನೆನಪಾಗುವವರು ಪ್ರೊ. ಬಿ. ಷೇಕ್ ಅಲಿ. ಕಟ್ಟುನಿಟ್ಟಾಗಿ ಹೇಳಿದರೆ ಅವರು ಬರೀ ಯುದ್ಧ ಇತಿಹಾಸಕಾರರಲ್ಲ. ಪಶ್ಚಿಮ ಗಂಗರ ಬಗ್ಗೆಯೂ ಬರೆದರು, ಗೋವಾ ವಿಮೋಚನೆಯ ಬಗ್ಗೆಯೂ ಬರೆದರು. ಆದರೆ ಅವರ ಬದುಕಿನ ಬಹುಪಾಲು ಹೋದದ್ದು ಮೈಸೂರು ಮತ್ತು ಇಂಗ್ಲಿಷರ ನಡುವಣ ಕಾಳಗದ ಕಾಲವನ್ನು ಅಗೆಯುವುದರಲ್ಲಿ. ಹೈದರಾಲಿ ಮತ್ತು ಬ್ರಿಟಿಷರ ಸಂಬಂಧ ಕುರಿತ ಅವರ ಪುಸ್ತಕ 1963ರಲ್ಲಿ ಬಂತು. ಟಿಪ್ಪುವಿನ ರಾಜತಂತ್ರ ಮತ್ತು ಸಂಘರ್ಷ ಕುರಿತದ್ದು 1982ರಲ್ಲಿ. ನಡುವೆ 1978ರಲ್ಲಿ ಇತಿಹಾಸದ ಸಿದ್ಧಾಂತ ಮತ್ತು ವಿಧಾನ ಕುರಿತ ಪಠ್ಯ. ಇತಿಹಾಸ ಎಂ.ಎ. ಮಾಡಿದವರಲ್ಲಿ ಆ ಪಠ್ಯವನ್ನು ಓದಿಯೇ ಪರೀಕ್ಷೆ ಬರೆದವರು ಬಹಳ ಮಂದಿ ಇದ್ದಾರೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರನ್ನು 1980ರಲ್ಲಿ ಹೊಸದಾಗಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಕರೆದರು. ಕೊಣಾಜೆಯ ಗುಡ್ಡದ ಮೇಲಿನ ಸ್ನಾತಕೋತ್ತರ ಕೇಂದ್ರ ಅವರ ಕಾಲದಲ್ಲಿ ವಿಶ್ವವಿದ್ಯಾಲಯದ ರೂಪ ಪಡೆಯಿತು. 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿಗೂ ಅವರೇ ಮೊದಲ ಕುಲಪತಿ. ಎರಡು ವಿಶ್ವವಿದ್ಯಾಲಯಗಳಿಗೆ ತಳಪಾಯ ಹಾಕಿದ ಇತಿಹಾಸದ ಮೇಷ್ಟ್ರು ಇನ್ನೊಬ್ಬರು ನಮ್ಮಲ್ಲಿ ಇದ್ದಾರೆಯೇ, ನನಗೆ ತೋಚುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಮೈಸೂರಿನಲ್ಲಿ ತೀರಿಕೊಂಡರು. ನಮ್ಮ ಕಡೆ ಅದು ದೊಡ್ಡ ಸುದ್ದಿಯಾಗಲಿಲ್ಲ.

ಟಿಪ್ಪುವಿನ ಬಗ್ಗೆ ಷೇಕ್ ಅಲಿಯವರಿಗೆ ಒಲವಿತ್ತು. ಅದು ಅವರ ಪುಟಪುಟದಲ್ಲೂ ಕಾಣುತ್ತದೆ, ಕೆಲವು ಕಡೆ ಮಿತಿ ಮೀರಿದೆ ಎಂದೇ ನನ್ನ ಅಭಿಪ್ರಾಯ. ಕೊಡಗಿನವರು, ಮೇಲುಕೋಟೆಯವರು, ಮಂಗಳೂರಿನ ಕ್ರೈಸ್ತರು ಅವರ ಪುಸ್ತಕ ಹಿಡಿದು ಕೇಳಬಹುದಾದ ಪ್ರಶ್ನೆಗಳು ಬೇಕಾದಷ್ಟಿವೆ. ಆದರೂ ಅವರ ಕೆಲಸವನ್ನು ನಾನು ಗೌರವಿಸುತ್ತೇನೆ. ಏಕೆಂದರೆ ಅವರು ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಮಾತಾಡಿದರು. ಒಪ್ಪದವನು ಅದೇ ಕಾಗದವನ್ನು ತೆಗೆದು ಬೇರೆ ತೀರ್ಮಾನಕ್ಕೆ ಬರಬಹುದು. ಇವತ್ತಿನ ಮೊಬೈಲ್ ವಾಗ್ವಾದದಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ತೀರ್ಮಾನ ಇದೆ, ಕಾಗದ ಇಲ್ಲ.

ಕಾಗದದ ಮಾತು ಬಂದಾಗ ಶೃಂಗೇರಿಗೇ ಬರಬೇಕು. 1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು, ನಮಗೆಲ್ಲ ಕರ್ಣಾಟಕ ಕವಿಚರಿತೆಯಿಂದ ಪರಿಚಿತರಾದ ಅದೇ ಆಚಾರ್ಯರು, ಮಠದಲ್ಲಿದ್ದ ಟಿಪ್ಪುವಿನ ಪತ್ರಗಳನ್ನು ಬೆಳಕಿಗೆ ತಂದರು. ಪತ್ರಗಳು ಕನ್ನಡದಲ್ಲಿವೆ. ಆ ಪತ್ರಗಳ ಕಾಲದಲ್ಲಿ ಪೀಠದಲ್ಲಿದ್ದವರು ಮೂರನೇ ಸಚ್ಚಿದಾನಂದ ಭಾರತಿಗಳು. ದಾಳಿಯಾದ ಮೇಲೆ ಅವರು ಘಟ್ಟ ಇಳಿದು ಕಾರ್ಕಳದಲ್ಲಿ ಉಳಿಯಬೇಕಾಯಿತು. ಶಾರದೆಯ ಮರುಪ್ರತಿಷ್ಠೆಗಾಗಿ ನಗರದ (ಬಿದನೂರಿನ) ಆಸಫನಿಂದ, ಎಂದರೆ ಅಲ್ಲಿನ ಅಧಿಕಾರಿಯಿಂದ, 200 ರಾಹತಿ ನಾಣ್ಯ ನಗದು, 200 ರಾಹತಿಯ ದವಸ ಕೊಡಿಸುವಂತೆ ಆಜ್ಞೆ ಹೊರಟಿತು. ಶತ್ರುನಾಶಕ್ಕಾಗಿ ಸಹಸ್ರಚಂಡೀ ಜಪ ಮಾಡಿಸಬೇಕೆಂದು ಟಿಪ್ಪು ಸ್ವಾಮಿಗಳನ್ನು ಕೋರಿದ್ದೂ ಆ ಪತ್ರಗಳಲ್ಲೇ ಇದೆ.

ಎಲ್ಲರೂ ಎತ್ತಿ ಹೇಳುವುದು ಜಪದ ವಿಷಯವನ್ನು. ನನ್ನ ಕಣ್ಣು ನಿಲ್ಲುವುದು ಆ 200 ರಾಹತಿಯ ದವಸದ ಮೇಲೆ. ಸಂಸ್ಥಾನ ಮೂರು ಕಡೆಯಿಂದ ಮುತ್ತಿಗೆಯಲ್ಲಿದ್ದಾಗ, ಇಂಗ್ಲಿಷರು ಬೆಂಗಳೂರನ್ನು ಹಿಡಿದಿದ್ದಾಗ, ನಗರ ಸೀಮೆಯ ಉಗ್ರಾಣದಿಂದ ಮಠಕ್ಕೆ ದವಸ ಕೊಡಿ ಎಂಬ ಆಜ್ಞೆ ಹೊರಡುತ್ತದೆ. ಅಂದರೆ ನಗರದಲ್ಲಿ ಆಡಳಿತ ಇನ್ನೂ ನಡೆಯುತ್ತಿತ್ತು, ಉಗ್ರಾಣದಲ್ಲಿ ದಾಸ್ತಾನು ಇತ್ತು, ಹೊತ್ತು ತರುವ ಎತ್ತುಗಳಿದ್ದವು ಎಂದಾಯಿತು. ಭಕ್ತಿಯೋ ರಾಜಕೀಯವೋ ಎಂಬುದನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಉಗ್ರಾಣದ ಸ್ಥಿತಿಯನ್ನು ಕಾಗದದಿಂದ ತಿಳಿಯಬಹುದು. ಎ.ಕೆ. ಶಾಸ್ತ್ರಿಯವರು ಶೃಂಗೇರಿಯ ಚರಿತ್ರೆಯನ್ನು ಬರೆದು 1982ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಕಟಿಸಿದರು. ಆಮೇಲೆ ಮಠದ ದಾಖಲೆಗಳ ಸಂಪುಟವನ್ನೂ ಸಂಪಾದಿಸಿಕೊಟ್ಟರು. ನಮ್ಮ ಮೂರು ತಾಲ್ಲೂಕಿನ ಎಷ್ಟು ಕಾಲೇಜು ಅಧ್ಯಾಪಕರು ಆ ಸಂಪುಟವನ್ನು ತರಗತಿಗೆ ಒಯ್ದಿದ್ದಾರೆ? ಒಯ್ಯಬೇಕು ಎಂಬುದು ನನ್ನ ಒತ್ತಾಯ.

ಇನ್ನೊಂದು ಬದಿಯ ಕಾಗದಗಳು ಮಿರಜದ ಕಡೆ ಇದ್ದವು. ದಾಳಿ ಮಾಡಿದ್ದು ಮರಾಠಾ ಸರದಾರ ಪರಶುರಾಮ ಭಾವು ಪಟವರ್ಧನನ ಸೈನ್ಯಕ್ಕೆ ಸೇರಿದವರು. ಪಟವರ್ಧನ ಮನೆತನದ ದಫ್ತರವನ್ನು ಬಿಚ್ಚಿ, ಮೋಡಿ ಲಿಪಿಯ ಪತ್ರಗಳನ್ನು ಓದಿ, ಹತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು ವಾಸುದೇವ ವಾಮನ ಖರೆ. ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಮಿರಜದ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಮೇಷ್ಟ್ರು. ಶೃಂಗೇರಿಯ ಲೂಟಿಯ ಹೊಣೆಯನ್ನು ಪೆಂಢಾರಿಗಳ ಮೇಲೆ, ಲಮಾಣರ ಮೇಲೆ ಹೊರಿಸುವ ಮರಾಠಿ ಪತ್ರಗಳಿವೆ. ಹೊಣೆ ಜಾರಿಸುವ ಮಾತು ಅದರಲ್ಲಿ ಎಷ್ಟು, ನಿಜ ಎಷ್ಟು ಎಂಬುದನ್ನು ತೂಗಿ ನೋಡಲು ಪತ್ರವಾದರೂ ಕೈಗೆ ಸಿಗುತ್ತದಲ್ಲ. ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಊರಿನ ಪೆಟ್ಟಿಗೆಗಳನ್ನು ತೆರೆದುದರಿಂದ ನಮ್ಮ ಊರಿನ ಕಥೆ ಅರ್ಧ ಉಳಿಯಿತು.

ಉಳಿದರ್ಧ? ಅದನ್ನು ಬರೆದವರು ಇಂಗ್ಲಿಷ್ ಸಿಪಾಯಿಗಳು. ಪರಶುರಾಮ ಭಾವು ಧಾರವಾಡದ ಕೋಟೆಯನ್ನು ಆರು ತಿಂಗಳಿಗೂ ಹೆಚ್ಚು ಕಾಲ ಮುತ್ತಿ 1791ರ ಏಪ್ರಿಲಿನಲ್ಲಿ ಹಿಡಿದಾಗ ಅವನ ಜೊತೆ ಮುಂಬೈಯಿಂದ ಬಂದ ಕ್ಯಾಪ್ಟನ್ ಲಿಟ್ಲ್‌ನ ತುಕಡಿ ಇತ್ತು. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಎಳೆ ಲೆಫ್ಟಿನೆಂಟ್ ಕಂಡದ್ದನ್ನೆಲ್ಲ ಬರೆದಿಟ್ಟು 1794ರಲ್ಲಿ ಪುಸ್ತಕ ಮಾಡಿದ. 1791ರ ಡಿಸೆಂಬರ್ ಕೊನೆಯಲ್ಲಿ ಗಾಜನೂರಿನಲ್ಲಿ ನಡೆದ ಕಾಳಗದಲ್ಲಿ ಅವನಿಗೆ ಗುಂಡೇಟು ಬಿತ್ತು. ಈಗ ತುಂಗಾ ಅಣೆಕಟ್ಟು ಇರುವ ಗಾಜನೂರೇ ಅದು. ಶೃಂಗೇರಿಯ ಮೀನುಗಳ ಮುಂದೆ ಹರಿದ ನೀರೇ ಅಲ್ಲಿಗೆ ಹೋಗುತ್ತದೆ. ಒಂದು ಬದಿ ಹೊಳೆ, ಇನ್ನೊಂದು ಬದಿ ದಟ್ಟ ಕಾಡು, ನಡುವೆ ಟಿಪ್ಪುವಿನ ಸೇನೆ ಬೀಡುಬಿಟ್ಟಿತ್ತು. ಆ ಕಾಳಗ ಮುಗಿದ ಕೆಲವೇ ದಿನಗಳಲ್ಲಿ ಶಿವಮೊಗ್ಗದ ಕೋಟೆ ಶರಣಾಯಿತು. ಮೂರ್ ಆಮೇಲೆ ಹಿಂದೂ ದೇವತೆಗಳ ಬಗ್ಗೆ 1810ರಲ್ಲಿ ದೊಡ್ಡ ಗ್ರಂಥ ಬರೆದು ಹೆಸರಾದ. ಸೈನ್ಯಗಳಿಗೆ ದವಸ ಹೊತ್ತು ತಂದು ಮಾರುತ್ತಿದ್ದ ಲಂಬಾಣಿಗಳ ಬಗ್ಗೆ ಅವನು ಬರೆದದ್ದನ್ನು ಇಂದಿಗೂ ವಿದ್ವಾಂಸರು ಉಲ್ಲೇಖಿಸುತ್ತಾರೆ.

1791ರ ಮೇ ತಿಂಗಳನ್ನು ನೋಡಿ. ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಗೆದ್ದ. ಶ್ರೀರಂಗಪಟ್ಟಣ ಕಣ್ಣಿಗೆ ಕಾಣುತ್ತಿತ್ತು. ಆದರೆ ಎತ್ತುಗಳು ರೋಗ ಬಂದು ಸತ್ತಿದ್ದವು, ಮಳೆ ಹಿಡಿದಿತ್ತು, ಅಕ್ಕಿ ಮುಗಿದಿತ್ತು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದೆ ಹೊರಟ. ದಾರಿಯಲ್ಲಿ ಎದುರಾದ ಮರಾಠರ ಬಿಡಾರದ ಪೇಟೆಯಲ್ಲಿ ಎಲ್ಲವೂ ಇತ್ತು, ಆದರೆ ಬೆಲೆ ಆಕಾಶಕ್ಕೆ ಏರಿತ್ತು. ಹಸಿದ ಸಿಪಾಯಿಗಳು ಕೇಳಿದಷ್ಟು ಕೊಟ್ಟು ಕೊಂಡರು. ಆ ಪೇಟೆಗೆ ಮಾಲು ಎಲ್ಲಿಂದ ಬಂತು? ಸೈನ್ಯ ಹಾದುಬಂದ ಊರುಗಳಿಂದ ಬಂದದ್ದು ಎಷ್ಟು, ವ್ಯಾಪಾರದಿಂದ ಬಂದದ್ದು ಎಷ್ಟು? ನಮ್ಮ ಹುಡುಗನೋ ಹುಡುಗಿಯೋ ಪಿಎಚ್.ಡಿ.ಗೆ ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ ಇದು.

ಎತ್ತಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೇಳಿಕೊಳ್ಳಲು ಬಹಳ ಇದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳನ್ನು ಹೈದರ್ ಸೈನ್ಯದ ಸಾಗಣೆಗೆ ಹಚ್ಚಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು ಇಲಾಖೆಯನ್ನೇ ಮಾಡಿದ. ಕಡೂರು, ತರೀಕೆರೆ, ಅಜ್ಜಂಪುರದ ಕಾವಲುಗಳಲ್ಲಿ ಮೇಯುತ್ತಿದ್ದ ಆ ಹೋರಿಗಳು ಫಿರಂಗಿ ಎಳೆದವು. ಟಿಪ್ಪು ಸತ್ತ ಮೇಲೆ ಅವು ಇಂಗ್ಲಿಷರ ಕೈಗೆ ಹೋದವು, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಅವುಗಳ ಗಟ್ಟಿತನವನ್ನು ಮೆಚ್ಚಿಕೊಂಡ. ಅಜ್ಜಂಪುರದ ತಳಿ ಕೇಂದ್ರ ಇವತ್ತಿಗೂ ಇದೆ. ಕಾವಲುಗಳು ಒತ್ತುವರಿಯಾಗಿ ಕರಗುತ್ತಿವೆ. ರಣರಂಗಕ್ಕಿಂತ ಈ ಹುಲ್ಲುಗಾವಲುಗಳಲ್ಲೇ ಮೈಸೂರಿನ ಸೈನ್ಯದ ಬಲ ಇತ್ತು ಎಂದು ನಾನು ನಂಬುತ್ತೇನೆ. ಅದನ್ನು ಸಾಬೀತು ಮಾಡುವ ಪುಸ್ತಕ ಕನ್ನಡದಲ್ಲಿ ಬರಬೇಕು.

ಈಗ ನಮ್ಮ ಅಟ್ಟಗಳಿಗೆ ಬರೋಣ. ಕೊಪ್ಪಕ್ಕೂ ಜಯಪುರಕ್ಕೂ ನಡುವೆ ಪರಿಚಯದವರ ಹಳೆಯ ಚೌಕಿಮನೆಯೊಂದಿದೆ. ಮಾಡಿನ ಹಂಚು ತೆಗೆದು ಶೀಟು ಹಾಕಿಸುತ್ತಿದ್ದರು. ಅಟ್ಟದಿಂದ ಇಳಿಸಿದ ಸಾಮಾನಿನ ನಡುವೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಕಪ್ಪಗೆ ಮಡಚಿದ ಕಟ್ಟು. ಮನೆಯ ಯಜಮಾನರು, “ಎಂತದೋ ಹಳೇ ಬಟ್ಟೆ ಮಾರಾಯ್ರೆ, ಒಲೆಗೆ ಹಾಕುವ ಅಂತಿದ್ದೆ” ಎಂದರು. ಜಗಲಿಯ ಮೇಲೆ ಬಿಚ್ಚಿದೆವು. ಗೇಣಗಲದ ಬಟ್ಟೆ, ಹುಣಿಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿ ಬಳಿದದ್ದು, ಮಡಿಕೆ ಮಡಿಕೆಯಾಗಿ ಪುಸ್ತಕದ ಹಾಗೆ ತೆರೆಯುತ್ತಿತ್ತು. ಬಳಪದಲ್ಲಿ ಬರೆದ ಬಿಳಿ ಅಕ್ಷರ. ಒಂದು ಕಡೆ ಇಲಿ ಕಡಿದಿತ್ತು. ಉಳಿದ ಕಡೆ ವರಹ, ಹಣ, ಖಂಡುಗ, ಕೊಳಗ ಎಂದು ಓದಲು ಬರುತ್ತಿತ್ತು. ಗೌಡರ ಹೆಸರುಗಳು, ಊರ ಹೆಸರುಗಳು. ಅದು ಕಡತ. ಯಜಮಾನರ ಸೊಸೆ ಮೊಬೈಲಿನಲ್ಲಿ ಮಡಿಕೆ ಮಡಿಕೆಯ ಫೋಟೋ ತೆಗೆದರು. ಒಲೆಗೆ ಹೋಗುವುದು ತಪ್ಪಿತು.

ಇಂಥ ಕಡತ ಹೇಗಿರುತ್ತದೆ ಎಂದು ವಿವರವಾಗಿ ಇಂಗ್ಲಿಷಿನಲ್ಲಿ ಬರೆದವನು ಕರ್ನಲ್ ಮಾರ್ಕ್ ವಿಲ್ಕ್ಸ್. ಅವನೂ ಸಿಪಾಯಿ, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. 1810ರಿಂದ 1817ರ ನಡುವೆ ಅವನ ಮೈಸೂರಿನ ಇತಿಹಾಸ ಮೂರು ಸಂಪುಟಗಳಲ್ಲಿ ಹೊರಬಂತು. ಹೈದರ್, ಟಿಪ್ಪುವಿನ ಬಗ್ಗೆ ಬಹಳ ಕಾಲ ಲೋಕ ನಂಬಿದ್ದು ಅವನ ಮಾತನ್ನು. ಗೆದ್ದವರ ಕಡೆಯವನ ಬರಹ ಅದು. ಅದನ್ನು ಅಲುಗಿಸಲು ಷೇಕ್ ಅಲಿಯಂಥವರು, ಅವರಿಗೂ ಹಿಂದೆ 1951ರಲ್ಲಿ ಟಿಪ್ಪುವಿನ ಇತಿಹಾಸ ಬರೆದ ಮೊಹಿಬ್ಬುಲ್ ಹಸನ್‌ರಂಥವರು ಬರಬೇಕಾಯಿತು. ಕಡತವನ್ನು ವರ್ಣಿಸಿದ ವಿಲ್ಕ್ಸ್‌ನ ಪುಸ್ತಕ ಮರುಮುದ್ರಣವಾಗುತ್ತಲೇ ಇದೆ, ಕಡತಗಳು ಮಾತ್ರ ನಮ್ಮ ಅಟ್ಟದಲ್ಲಿ ಇಲಿಗಳ ಪಾಲಾಗುತ್ತಿವೆ. ಈ ಸ್ಥಿತಿ ನನಗೆ ನೋವು ತರುತ್ತದೆ.

ಕೆಳದಿಯಲ್ಲಿ ಹೀಗಾಗಲಿಲ್ಲ. ಗುಂಡಾ ಜೋಯಿಸರು ಮನೆಮನೆ ತಿರುಗಿ ತಾಳೆಗರಿ, ಕಡತ, ಪತ್ರಗಳನ್ನು ಕೂಡಿಸಿದರು. ಅದರಿಂದ ಬೆಳೆದ ವಸ್ತುಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯದ ಜೊತೆ ಸೇರಿದೆ. ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ 2018ರಲ್ಲಿ ಹಾಳು ಬಾವಿಯೊಂದರ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. 1763ರಲ್ಲಿ ಹೈದರ್ ಹಿಡಿದ ಊರು, 1783ರಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ ಬಂದು ಕಿತ್ತುಕೊಂಡ ಊರು, ಅದೇ ವರ್ಷ ಟಿಪ್ಪು ಮತ್ತೆ ಗೆದ್ದುಕೊಂಡ ಊರು. ನಮ್ಮ ಕೊಪ್ಪ, ಶೃಂಗೇರಿ, ಎಡೆಹಳ್ಳಿ ಆ ನಗರ ಸೀಮೆಯ ಮಗ್ಗುಲಲ್ಲೇ ಇದ್ದವು. ಅಲ್ಲಿ ಬಾವಿಯ ಕೆಸರಿನಲ್ಲಿ ಸಾವಿರ ರಾಕೆಟ್ ಉಳಿದಿದ್ದರೆ ಇಲ್ಲಿನ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಏನೇನು ಉಳಿದಿದೆ ಎಂದು ಹುಡುಕುವುದು ನಮ್ಮದೇ ಜವಾಬ್ದಾರಿ. ಎಡೆಹಳ್ಳಿಯ ಸುತ್ತಿನ ಎಷ್ಟೋ ಊರುಗಳು ಭದ್ರಾ ಹಿನ್ನೀರಿನಲ್ಲಿ ಮುಳುಗಿದವು. ಜನ ಚದುರಿ ಹೋದರು, ಪೆಟ್ಟಿಗೆಗಳೂ ಚದುರಿದವು.

1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯದ ಕಿರುಕುಳದ ವಿರುದ್ಧ ಎದ್ದರು. ಬೂದಿ ಬಸವಪ್ಪ ತಾನು ಬಿದನೂರಿನ ಅರಸರ ವಂಶದವನೆಂದು ಹೇಳಿಕೊಂಡು ಮುಂದೆ ಬಂದ, ತರೀಕೆರೆಯ ಪಾಳೇಗಾರರು ಸೇರಿಕೊಂಡರು. ಅದನ್ನು ಅಡಗಿಸಿದ ಮೇಲೆ, 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತವನ್ನು ಇಂಗ್ಲಿಷರು ತೆಗೆದುಕೊಂಡರು. ಐವತ್ತು ವರ್ಷ ಅದು ಮರಳಿ ಬರಲಿಲ್ಲ. ನಮ್ಮ ಕಾಡುದಾರಿಗಳಲ್ಲಿ ನಡೆದ ದಂಗೆ ಇಡೀ ಸಂಸ್ಥಾನದ ದಿಕ್ಕನ್ನು ಬದಲಿಸಿತು. ನಮ್ಮ ಶಾಲೆಯ ಮಕ್ಕಳಿಗೆ ಪ್ಲಾಸಿ ಕದನದ ಇಸವಿ ಗೊತ್ತು, ಇದು ಗೊತ್ತಿಲ್ಲ.

ಆ ನಗರದ ದಂಗೆಯನ್ನು ಗಂಭೀರವಾಗಿ ಓದಿದ ಒಬ್ಬರು ನಮ್ಮ ಕಾಡಿನಲ್ಲೇ ಗುಂಡೇಟಿಗೆ ಸತ್ತರು. ಸಾಕೇತ್ ರಾಜನ್ ಕರ್ನಾಟಕದ ಜನರ ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಲ್ಲಿ ಬರೆದವರು, ನಕ್ಸಲ್ ತಂಡದ ನಾಯಕರಾಗಿ ಬಂದೂಕು ಹಿಡಿದವರು. 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಹತ್ತಿರ ಪೊಲೀಸ್ ಕಾರ್ಯಾಚರಣೆಯಲ್ಲಿ ಕೊನೆಯಾದರು. ನಾಲ್ಕು ದಿನದ ಬಳಿಕ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಶಿಬಿರದ ಮೇಲೆ ನಕ್ಸಲರ ದಾಳಿ ನಡೆದು ಏಳು ಜೀವಗಳು ಹೋದವು. ಬಂದೂಕಿನ ದಾರಿಯನ್ನು ನಾನು ಒಪ್ಪುವವನಲ್ಲ, ಹಿಂದೆಯೂ ಒಪ್ಪಿರಲಿಲ್ಲ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುವ ಭಯ ಕಾಡಂಚಿನ ಮನೆಗಳಲ್ಲಿ ಹೇಗೆ ಹಬ್ಬಿತ್ತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ರಾತ್ರಿ ಬಾಗಿಲು ತಟ್ಟಿ ಅನ್ನ ಕೇಳುವವರು ಒಂದು ಕಡೆ, ಹಗಲು ಬಂದು ಯಾರಿಗೆ ಅನ್ನ ಹಾಕಿದಿರಿ ಎಂದು ಕೇಳುವವರು ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡದ್ದು ನಾಲ್ಕು ಮಡಿ ಗದ್ದೆಯ ಸಂಸಾರ.

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಮುಂದಿನ ತಿಂಗಳು ಉಳಿದವರೂ ಬಂದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತೆಂದು ಸರ್ಕಾರ ಹೇಳಿತು. ಈಗಲೇ ಅದನ್ನು ಬರೆದಿಡಬೇಕು. ಎನ್‌ಕೌಂಟರಿನಲ್ಲಿ ಸತ್ತವರ ಮನೆಯವರು ಇದ್ದಾರೆ. ಮಾಹಿತಿದಾರರೆಂಬ ಅನುಮಾನಕ್ಕೆ ಬಲಿಯಾದವರ ಮನೆಯವರೂ ಇದ್ದಾರೆ. ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು ಕೂಂಬಿಂಗ್ ಮಾಡಿದ ಪೊಲೀಸರು ನಿವೃತ್ತರಾಗುತ್ತಿದ್ದಾರೆ. ಒಬ್ಬೊಬ್ಬರದೂ ಒಂದೊಂದು ಮಾತು, ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಮಾತುಗಳನ್ನು ಅಕ್ಕಪಕ್ಕ ಇಟ್ಟು, ದಾಖಲೆಯ ಜೊತೆ ತಾಳೆ ನೋಡಿ ಬರೆಯಲು ತರಬೇತಿ ಬೇಕು. ಆ ತರಬೇತಿ ಕೊಡುವವನೇ ಇತಿಹಾಸದ ಪ್ರಾಧ್ಯಾಪಕ. ಅವನು ಬರೆಯದೆ ಬಿಟ್ಟರೆ ಇನ್ನು ಇಪ್ಪತ್ತು ವರ್ಷಕ್ಕೆ ಮೆಣಸಿನಹಾಡ್ಯದ ಬಗ್ಗೆಯೂ ಶೃಂಗೇರಿಯ ಲೂಟಿಯ ಬಗ್ಗೆ ಈಗ ನಡೆಯುವಂಥ ವಾಗ್ವಾದವೇ ನಡೆಯುತ್ತದೆ.

ಸೈನ್ಯದಿಂದ ನಿವೃತ್ತರಾಗಿ ಬಂದು ಅಡಿಕೆ ತೋಟ ನೋಡಿಕೊಂಡಿರುವವರೂ ನಮ್ಮ ನಡುವೆ ಇದ್ದಾರೆ. ಅವರನ್ನು ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿ ಕಳಿಸುತ್ತೇವೆ. ಶಾಲಿನ ಜೊತೆ ಒಂದು ರೆಕಾರ್ಡರನ್ನೂ ಇಟ್ಟು ಕೂರಬೇಕು. ಯಾವ ಪೋಸ್ಟಿನಲ್ಲಿದ್ದಿರಿ, ಊಟ ಹೇಗೆ ಬರುತ್ತಿತ್ತು, ಮನೆಗೆ ಕಾಗದ ಎಷ್ಟು ದಿನಕ್ಕೆ ಸೇರುತ್ತಿತ್ತು ಎಂದು ಕೇಳಬೇಕು. 1971ರ ಯುದ್ಧ ಕಂಡವರಿಗೆ ಈಗ ಎಪ್ಪತ್ತು ದಾಟಿದೆ.

ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ, ನರಸಿಂಹರಾಜಪುರದಿಂದ ದೂರವೇನಿಲ್ಲ. ಅದಕ್ಕೆ ಹೆಸರು ಕೊಟ್ಟ ಕವಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಆ ವಿಶ್ವವಿದ್ಯಾಲಯ ಮಲೆನಾಡಿನ ಯುದ್ಧ ಮತ್ತು ದಂಗೆಗಳ ಇತಿಹಾಸಕ್ಕೆಂದೇ ಒಬ್ಬ ಪ್ರಾಧ್ಯಾಪಕರನ್ನು ಇಡಬೇಕೆಂದು ನಾನು ಕೇಳುತ್ತೇನೆ. ಅವರಿಗೆ ಹಳಗಡತದ ಕನ್ನಡ ಓದಲು ಬರಬೇಕು, ಮೋಡಿ ಬರಬೇಕು, ಇಂಗ್ಲಿಷ್ ದಾಖಲೆಯನ್ನು ಅನುಮಾನದಿಂದ ಓದುವ ಅಭ್ಯಾಸ ಇರಬೇಕು, ಉಂಬ್ಳೆಬೈಲಿನ ದಾರಿಯಲ್ಲಿ ನಡೆಯಲು ಕಾಲು ಗಟ್ಟಿ ಇರಬೇಕು. ಹುದ್ದೆ ಮಂಜೂರಾಗಲು ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ಮೂರೂ ಊರಿನ ಪದವಿ ಕಾಲೇಜುಗಳ ಇತಿಹಾಸ ಅಧ್ಯಾಪಕರು ವಿದ್ಯಾರ್ಥಿಗಳ ಕಿರು ಪ್ರಬಂಧಕ್ಕೆ ತಮ್ಮ ಊರಿನ ಒಂದು ಪೆಟ್ಟಿಗೆ, ಒಂದು ವೀರಗಲ್ಲು, ಒಬ್ಬ ನಿವೃತ್ತ ಸೈನಿಕನನ್ನು ಕೊಟ್ಟರೆ ಸಾಕು, ಕೆಲಸ ಶುರುವಾಗುತ್ತದೆ.

ಓದುಗರಲ್ಲಿ ನನ್ನದೊಂದು ವಿನಂತಿ. ಮಳೆ ಹಿಡಿಯುವ ಮುಂಚೆ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ಕಪ್ಪು ಬಟ್ಟೆಯ ಮಡಿಕೆ, ಹಳೆ ಪೆಟ್ಟಿಗೆಯ ಕಾಗದ, ಅಜ್ಜನ ಸೈನ್ಯದ ಪಾಸ್‌ಬುಕ್, ಏನು ಸಿಕ್ಕರೂ ಸುಡಬೇಡಿ, ಗುಜರಿಗೆ ಹಾಕಬೇಡಿ, ನೀರು ಹಚ್ಚಿ ಒರೆಸಬೇಡಿ, ಬಳಪದ ಅಕ್ಷರ ಅಳಿಸಿ ಹೋಗುತ್ತದೆ. ಒಣಗಿದ ಜಾಗದಲ್ಲಿಟ್ಟು ಪುಟಪುಟದ ಫೋಟೋ ತೆಗೆದು, ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರನ್ನು ಮನೆಗೆ ಕರೆಯಿರಿ. ಮೂಲವನ್ನು ಯಾರಿಗೂ ಕೊಡಬೇಕಾಗಿಲ್ಲ, ಅದು ನಿಮ್ಮ ಮನೆಯಲ್ಲೇ ಇರಲಿ. ಓದಲು ಮಾತ್ರ ಬಿಡಿ.